ಹಾನ್ಸ್ ಗ್ರೋಸ್

ಹಾನ್ಸ್ ಗ್ರೋಸ್ (೨೬ ಡಿಸೆಂಬರ್ ೧೮೪೭ – ೯ ಡಿಸೆಂಬರ್ ೧೯೧೫) ಆಸ್ಟ್ರಿಯಾ ದೇಶದ ನ್ಯಾಯಾಧೀಶರು, ಕಾನೂನು ಪ್ರಾಧ್ಯಾಪಕರು ಮತ್ತು ಗ್ರಂಥಕರ್ತರು. ಅಪರಾಧ ತನಿಖೆಯನ್ನು ವೈಜ್ಞಾನಿಕ ಶಿಸ್ತಾಗಿ ರೂಪಿಸಿ ವಿಶ್ವವಿದ್ಯಾಲಯದ ಪಾಠಕ್ರಮದೊಳಗೆ ತಂದವರಲ್ಲಿ ಇವರು ಅಗ್ರಗಣ್ಯರು. ಅಪರಾಧ ನಡೆದ ಸ್ಥಳದ ಪರಿಶೀಲನೆ, ವಸ್ತುಸಾಕ್ಷ್ಯಗಳ ಸಂಗ್ರಹ ಮತ್ತು ಸಾಕ್ಷಿದಾರರ ಮನಸ್ಸಿನ ಅಧ್ಯಯನ ಈ ಮೂರನ್ನೂ ಒಂದೇ ಶಾಸ್ತ್ರದ ಅಂಗಗಳೆಂದು ಅವರು ಪ್ರತಿಪಾದಿಸಿದರು. ೧೮೯೩ರಲ್ಲಿ ಪ್ರಕಟವಾದ ತನಿಖಾ ನ್ಯಾಯಾಧೀಶರ ಕೈಪಿಡಿ ಮತ್ತು ೧೮೯೮ರಲ್ಲಿ ಪ್ರಕಟವಾದ ಅಪರಾಧ ಮನೋವಿಜ್ಞಾನ ಅವರ ಎರಡು ಮುಖ್ಯ ಗ್ರಂಥಗಳು. ೧೯೧೨ರಲ್ಲಿ ಗ್ರಾಜ್ ವಿಶ್ವವಿದ್ಯಾಲಯದಲ್ಲಿ ಅವರು ಸ್ಥಾಪಿಸಿದ ಅಪರಾಧ ತನಿಖಾಶಾಸ್ತ್ರ ಸಂಸ್ಥೆಯು ಇಂದಿನ ವಿಧಿವಿಜ್ಞಾನ ವಿಭಾಗಗಳ ಪೂರ್ವಜ ಸಂಸ್ಥೆಗಳಲ್ಲಿ ಒಂದೆಂದು ಪರಿಗಣಿತವಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಗ್ರೋಸ್ ಅವರು ಆಸ್ಟ್ರಿಯಾದ ಸ್ಟೈರಿಯಾ ಪ್ರಾಂತ್ಯದ ರಾಜಧಾನಿಯಾದ ಗ್ರಾಜ್ ನಗರದಲ್ಲಿ ಜನಿಸಿದರು. ಅದೇ ನಗರದ ವಿಶ್ವವಿದ್ಯಾಲಯದಲ್ಲಿ ಕಾನೂನು ವ್ಯಾಸಂಗ ಮಾಡಿ ೧೮೭೦ರಲ್ಲಿ ಡಾಕ್ಟರ್ ಪದವಿ ಪಡೆದರು. ಆ ಕಾಲದ ಕಾನೂನು ಶಿಕ್ಷಣದಲ್ಲಿ ದಂಡಸಂಹಿತೆಯ ವಿಧಿಗಳು, ಅವುಗಳ ಇತಿಹಾಸ ಮತ್ತು ವ್ಯಾಖ್ಯಾನಗಳಿಗೆ ಪ್ರಾಧಾನ್ಯವಿತ್ತು. ಕಳ್ಳತನಕ್ಕೆ ಎಷ್ಟು ಶಿಕ್ಷೆ ಎಂಬುದನ್ನು ವಿದ್ಯಾರ್ಥಿ ಕಲಿಯುತ್ತಿದ್ದನು. ಕಳ್ಳತನ ನಡೆದ ಮನೆಯಲ್ಲಿ ಏನನ್ನು ನೋಡಬೇಕು, ಯಾವುದನ್ನು ಮುಟ್ಟಬಾರದು ಎಂಬುದನ್ನು ಅವನಿಗೆ ಯಾರೂ ಕಲಿಸುತ್ತಿರಲಿಲ್ಲ. ಈ ಕೊರತೆಯು ಗ್ರೋಸ್ ಅವರ ಮುಂದಿನ ಜೀವನದ ಮುಖ್ಯ ಚಿಂತೆಯಾಯಿತು.

ನ್ಯಾಯಾಂಗ ಸೇವೆ

ಪದವಿಯ ನಂತರ ಗ್ರೋಸ್ ಅವರು ಸ್ಟೈರಿಯಾದ ಗ್ರಾಮೀಣ ಪ್ರದೇಶಗಳಲ್ಲಿ ತನಿಖಾ ನ್ಯಾಯಾಧೀಶರಾಗಿ ಸೇವೆ ಸಲ್ಲಿಸಿದರು. ಈ ಹುದ್ದೆಯ ಸ್ವರೂಪವನ್ನು ಭಾರತದ ಓದುಗರು ಪ್ರತ್ಯೇಕವಾಗಿ ತಿಳಿಯಬೇಕಾಗುತ್ತದೆ. ನಮ್ಮಲ್ಲಿ ಅಪರಾಧದ ತನಿಖೆ ಪೊಲೀಸರ ಹೊಣೆ. ನ್ಯಾಯಾಧೀಶರು ತಮ್ಮ ಮುಂದೆ ಬಂದ ಸಾಕ್ಷ್ಯವನ್ನು ತೂಗಿ ನೋಡುತ್ತಾರೆ. ೧೮೭೩ರ ಆಸ್ಟ್ರಿಯಾದ ದಂಡ ಪ್ರಕ್ರಿಯಾ ಸಂಹಿತೆಯ ಪ್ರಕಾರ ಗಂಭೀರ ಪ್ರಕರಣಗಳಲ್ಲಿ ತನಿಖೆಯನ್ನು ನಡೆಸುವವರು ನ್ಯಾಯಾಧೀಶರೇ ಆಗಿದ್ದರು. ಘಟನಾ ಸ್ಥಳಕ್ಕೆ ಹೋಗಿ ಪರಿಶೀಲಿಸುವುದು, ಸಾಕ್ಷಿದಾರರನ್ನೂ ಆರೋಪಿಯನ್ನೂ ಪ್ರಶ್ನಿಸುವುದು, ಎಲ್ಲವನ್ನೂ ದಾಖಲೆಯಾಗಿ ಬರೆಸಿ ವಿಚಾರಣಾ ನ್ಯಾಯಾಲಯಕ್ಕೆ ಒಪ್ಪಿಸುವುದು ಅವರ ಕೆಲಸವಾಗಿತ್ತು.

ಅವರಿಗೆ ನೆರವಾಗುತ್ತಿದ್ದವರು ಹಳ್ಳಿಗಾಡಿನ ಸಶಸ್ತ್ರ ಪೊಲೀಸರು. ಅವರಲ್ಲಿ ಅನೇಕರು ಸೈನ್ಯದಿಂದ ಬಂದವರು. ಶಿಸ್ತು ಮತ್ತು ಧೈರ್ಯ ಅವರಲ್ಲಿದ್ದರೂ ರಕ್ತದ ಕಲೆಯನ್ನು ಹೇಗೆ ಕಾಪಾಡಬೇಕು, ಕೆಸರಿನಲ್ಲಿ ಮೂಡಿದ ಹೆಜ್ಜೆಯ ಅಚ್ಚನ್ನು ಹೇಗೆ ತೆಗೆಯಬೇಕು ಎಂಬ ತರಬೇತಿ ಅವರಿಗಿರಲಿಲ್ಲ. ನ್ಯಾಯಾಧೀಶರಿಗೂ ಇರಲಿಲ್ಲ. ಇದರಿಂದ ಪ್ರಕರಣಗಳ ಭವಿಷ್ಯವು ಬಹುಮಟ್ಟಿಗೆ ಸಾಕ್ಷಿದಾರರ ಬಾಯಿಮಾತು ಮತ್ತು ಆರೋಪಿಯ ತಪ್ಪೊಪ್ಪಿಗೆಯ ಮೇಲೆ ನಿಂತಿತ್ತು. ಒಂದೇ ಘಟನೆಯನ್ನು ಕಂಡ ಪ್ರಾಮಾಣಿಕ ಜನರು ಪರಸ್ಪರ ವಿರುದ್ಧವಾದ ಹೇಳಿಕೆಗಳನ್ನು ಕೊಡುವುದನ್ನು ಗ್ರೋಸ್ ತಮ್ಮ ವೃತ್ತಿಯಲ್ಲಿ ಪದೇ ಪದೇ ಕಂಡರು. ಸುಳ್ಳು ಹೇಳುವವನಿಗಿಂತಲೂ ತಾನು ಕಂಡದ್ದೇ ಸತ್ಯವೆಂದು ಮನಃಪೂರ್ವಕವಾಗಿ ನಂಬಿ ತಪ್ಪು ಹೇಳುವವನಿಂದ ನ್ಯಾಯಕ್ಕೆ ಹೆಚ್ಚಿನ ಅಪಾಯವಿದೆ ಎಂಬ ನಿಲುವಿಗೆ ಅವರು ಬಂದರು.

ರಸಾಯನಶಾಸ್ತ್ರ, ಸೂಕ್ಷ್ಮದರ್ಶಕದ ಬಳಕೆ, ಛಾಯಾಗ್ರಹಣ, ವೈದ್ಯಶಾಸ್ತ್ರ, ಆಯುಧಗಳ ರಚನೆ, ಕಳ್ಳರ ಗುಪ್ತಭಾಷೆ ಮುಂತಾದ ವಿಷಯಗಳನ್ನು ಅವರು ಅಧ್ಯಯನ ಮಾಡಿ ಪ್ರತಿಯೊಂದರಿಂದಲೂ ತನಿಖೆಗೆ ಉಪಯುಕ್ತವಾದುದನ್ನು ಆರಿಸಿಕೊಂಡರು. ಕೆಲಕಾಲ ಗ್ರಾಜ್‌ನಲ್ಲಿ ಸರ್ಕಾರಿ ಅಭಿಯೋಜಕರಾಗಿಯೂ ಕಾರ್ಯನಿರ್ವಹಿಸಿದರು.

ತನಿಖಾ ನ್ಯಾಯಾಧೀಶರ ಕೈಪಿಡಿ

ಸುಮಾರು ಎರಡು ದಶಕಗಳ ಅನುಭವದ ಫಲವಾಗಿ ೧೮೯೩ರಲ್ಲಿ ಅವರ ಕೈಪಿಡಿ ಜರ್ಮನ್ ಭಾಷೆಯಲ್ಲಿ ಪ್ರಕಟವಾಯಿತು. ಮುಂದಿನ ಆವೃತ್ತಿಗಳಲ್ಲಿ ಅವರು ಈ ಶಾಸ್ತ್ರಕ್ಕೆ ಕ್ರಿಮಿನಾಲಿಸ್ಟಿಕ್ ಎಂಬ ಹೆಸರನ್ನು ರೂಢಿಗೆ ತಂದರು. ಅಪರಾಧಕ್ಕೆ ಶಿಕ್ಷೆ ಯಾವುದು ಎಂಬುದನ್ನು ದಂಡಶಾಸ್ತ್ರ ಹೇಳಿದರೆ, ಅಪರಾಧ ಹೇಗೆ ನಡೆಯಿತು ಮತ್ತು ಅದನ್ನು ಮಾಡಿದವರು ಯಾರು ಎಂಬುದನ್ನು ಕಂಡುಹಿಡಿಯುವ ಮಾರ್ಗವನ್ನು ಈ ಶಾಸ್ತ್ರ ಹೇಳುತ್ತದೆ.

ಗ್ರಂಥವು ತನಿಖಾಧಿಕಾರಿಯ ಗುಣಗಳಿಂದ ಆರಂಭವಾಗುತ್ತದೆ. ಅಧಿಕಾರಿಯು ಮೊದಲೇ ಒಂದು ತೀರ್ಮಾನಕ್ಕೆ ಬಂದು ಅನಂತರ ಅದಕ್ಕೆ ಹೊಂದುವ ಸಾಕ್ಷ್ಯವನ್ನಷ್ಟೇ ಹುಡುಕುವುದನ್ನು ಗ್ರೋಸ್ ಬಲು ದೊಡ್ಡ ದೋಷವೆಂದು ಪರಿಗಣಿಸಿದರು. ಸಾಕ್ಷಿದಾರರ ವಿಚಾರಣೆ, ಸ್ಥಳ ಪರಿಶೀಲನೆ, ವೈದ್ಯರು, ರಸಾಯನಶಾಸ್ತ್ರಜ್ಞರು, ಸೂಕ್ಷ್ಮದರ್ಶಕ ತಜ್ಞರು ಮತ್ತು ಬಂದೂಕು ತಜ್ಞರ ನೆರವು ಪಡೆಯುವ ಕ್ರಮ, ನಕ್ಷೆ ಬರೆಯುವಿಕೆ, ಹೆಜ್ಜೆಗುರುತು ಮತ್ತು ರಕ್ತದ ಕಲೆಗಳ ರಕ್ಷಣೆ, ಗುಪ್ತಲಿಪಿಗಳ ಭೇದನೆ ಮುಂತಾದವು ಅನುಕ್ರಮವಾಗಿ ಬರುತ್ತವೆ. ಕೊನೆಯ ಭಾಗದಲ್ಲಿ ಗಾಯಗಳು, ಕಳ್ಳತನ, ವಂಚನೆ, ಬೆಂಕಿ ಹಚ್ಚುವಿಕೆ ಮತ್ತು ದೊಡ್ಡ ಅಪಘಾತಗಳ ತನಿಖೆಯನ್ನು ಬೇರೆ ಬೇರೆಯಾಗಿ ವಿವರಿಸಲಾಗಿದೆ.

ಪುಸ್ತಕದ ಜನಪ್ರಿಯತೆಗೆ ಅದರ ಪ್ರಾಯೋಗಿಕ ಸ್ವರೂಪವೇ ಕಾರಣ. ಎರಡು ಉದಾಹರಣೆಗಳನ್ನು ಇಲ್ಲಿ ಹೇಳಬಹುದು.

ಮೊದಲನೆಯದು ಧೂಳಿನ ಪರೀಕ್ಷೆ. ಶಂಕಿತನ ಅಂಗಿಯನ್ನು ಗಟ್ಟಿ ಕಾಗದದ ಚೀಲದಲ್ಲಿ ಹಾಕಿ, ಬಾಯಿ ಮುಚ್ಚಿ, ಕೋಲಿನಿಂದ ಬಡಿಯಬೇಕು. ಚೀಲದ ತಳದಲ್ಲಿ ಸೇರುವ ಧೂಳನ್ನು ಸೂಕ್ಷ್ಮದರ್ಶಕದ ಕೆಳಗೆ ನೋಡಬೇಕು. ಮರಗೆಲಸದವನ ಬಟ್ಟೆಯಲ್ಲಿ ಮರದ ಪುಡಿ, ಗಿರಣಿಯವನ ಬಟ್ಟೆಯಲ್ಲಿ ಹಿಟ್ಟು ಸಿಗುವಂತೆ ಪ್ರತಿಯೊಬ್ಬನ ಉಡುಪೂ ಅವನು ಓಡಾಡಿದ ಜಾಗದ ಕುರುಹನ್ನು ಹೊತ್ತಿರುತ್ತದೆ. ಫ್ರಾನ್ಸಿನ ಎಡ್ಮಂಡ್ ಲೊಕಾರ್ ಅವರು ಈ ವಿಚಾರವನ್ನು ಮುಂದುವರಿಸಿದರು. ೧೯೧೦ರಲ್ಲಿ ಲಿಯಾನ್ ನಗರದಲ್ಲಿ ಪೊಲೀಸ್ ಪ್ರಯೋಗಾಲಯ ಆರಂಭಿಸಿದ ಲೊಕಾರ್ ಅವರ ಮೇಲೆ ಗ್ರೋಸ್ ಅವರ ಬರಹಗಳ ಪ್ರಭಾವವಿತ್ತು.

ಎರಡನೆಯದು ತನಿಖಾಧಿಕಾರಿಯ ಚೀಲ. ಕರೆ ಬಂದೊಡನೆ ಹೊರಡಲು ಅನುಕೂಲವಾಗುವಂತೆ ಅಗತ್ಯ ವಸ್ತುಗಳನ್ನೆಲ್ಲ ಒಂದೇ ಚೀಲದಲ್ಲಿ ಸದಾ ಸಿದ್ಧವಾಗಿಟ್ಟಿರಬೇಕೆಂದು ಗ್ರೋಸ್ ಸೂಚಿಸಿದರು. ಕಾಗದ, ಲೇಖನಿ, ಅಳತೆಯ ಪಟ್ಟಿ, ದಿಕ್ಸೂಚಿ, ಭೂತಗನ್ನಡಿ, ಮೇಣದಬತ್ತಿ, ಹೆಜ್ಜೆಯ ಅಚ್ಚು ತೆಗೆಯಲು ಜಿಪ್ಸಮ್ ಪುಡಿ ಇವುಗಳ ಜೊತೆಗೆ ಸಾಕ್ಷಿದಾರರಿಗೆ ಪ್ರಮಾಣವಚನ ಬೋಧಿಸಲು ಒಂದು ಶಿಲುಬೆಯೂ, ಹೆದರಿದ ಮಕ್ಕಳನ್ನು ಮಾತಿಗೆಳೆಯಲು ಒಂದಿಷ್ಟು ಸಿಹಿತಿಂಡಿಯೂ ಆ ಪಟ್ಟಿಯಲ್ಲಿದ್ದವು. ಇಂದು ಲೋಕದ ಎಲ್ಲೆಡೆ ತನಿಖಾ ತಂಡಗಳು ಘಟನಾ ಸ್ಥಳಕ್ಕೆ ಒಯ್ಯುವ ಪೆಟ್ಟಿಗೆಗೆ ಈ ಚೀಲವೇ ಮೂಲವೆಂದು ಹೇಳಲಾಗುತ್ತದೆ.

ಅಪರಾಧ ಮನೋವಿಜ್ಞಾನ

ವಸ್ತುಗಳನ್ನು ಪರೀಕ್ಷಿಸುವ ವಿಧಾನಗಳು ಎಷ್ಟೇ ಬೆಳೆದರೂ ಅವನ್ನು ನೋಡುವವನೂ ಅರ್ಥೈಸುವವನೂ ಮನುಷ್ಯನೇ. ಆದ್ದರಿಂದ ಮನಸ್ಸಿನ ವ್ಯಾಪಾರಗಳನ್ನು ಅರಿಯದೆ ತನಿಖೆ ಪೂರ್ಣವಾಗದು ಎಂಬುದು ೧೮೯೮ರ ಎರಡನೆಯ ಗ್ರಂಥದ ತಿರುಳು.

ಈ ಗ್ರಂಥದ ರಚನೆಯೇ ಗಮನಾರ್ಹವಾದುದು. ಅಪರಾಧ ಮನೋವಿಜ್ಞಾನವೆಂದರೆ ಅಪರಾಧಿಯ ಮನಸ್ಸಿನ ಅಧ್ಯಯನವೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಗ್ರೋಸ್ ಅವರ ಪುಸ್ತಕದ ಮೊದಲ ಭಾಗವು ನ್ಯಾಯಾಧೀಶನ ಮನಸ್ಸನ್ನು ಕುರಿತದ್ದು. ಅವನು ಹೇಗೆ ಊಹಿಸುತ್ತಾನೆ, ಕಾರ್ಯಕಾರಣ ಸಂಬಂಧವನ್ನು ಹೇಗೆ ಕಲ್ಪಿಸುತ್ತಾನೆ, ಸಂಭವನೀಯವಾದುದನ್ನು ಖಚಿತವೆಂದು ಹೇಗೆ ಭ್ರಮಿಸುತ್ತಾನೆ ಎಂಬ ಪ್ರಶ್ನೆಗಳು ಅಲ್ಲಿವೆ. ಎರಡನೆಯ ಭಾಗದಲ್ಲಿ ವಿಚಾರಣೆಗೆ ಒಳಗಾಗುವವರ, ಅಂದರೆ ಸಾಕ್ಷಿದಾರರ ಮತ್ತು ಆರೋಪಿಗಳ ಮನಸ್ಸಿನ ವಿವೇಚನೆಯಿದೆ. ಇಂದ್ರಿಯಗಳ ಮಿತಿ, ನೆನಪಿನ ಏರಿಳಿತ, ಭ್ರಮೆ, ಕಲ್ಪನೆ, ಅಭ್ಯಾಸಬಲ ಮತ್ತು ಪ್ರಶ್ನೆ ಕೇಳುವ ರೀತಿಯಿಂದಲೇ ಉತ್ತರ ಬದಲಾಗುವ ಸಾಧ್ಯತೆ ಇಲ್ಲಿ ಚರ್ಚಿತವಾಗಿವೆ.

ಇದೇ ಕಾಲದಲ್ಲಿ ಯುರೋಪಿನ ವಿಶ್ವವಿದ್ಯಾಲಯಗಳಲ್ಲಿ ಸಾಕ್ಷಿಮನೋವಿಜ್ಞಾನದ ಪ್ರಯೋಗಗಳು ಆರಂಭವಾದವು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬರ್ಲಿನ್ನಿನ ಕಾನೂನು ಪ್ರಾಧ್ಯಾಪಕ ಫ್ರಾನ್ಜ್ ಫಾನ್ ಲಿಸ್ಟ್ ಅವರ ತರಗತಿಯಲ್ಲಿ ಇಬ್ಬರು ಮೊದಲೇ ಗೊತ್ತುಮಾಡಿಕೊಂಡಂತೆ ಜಗಳವಾಡಿದರು, ಪಿಸ್ತೂಲನ್ನೂ ಹೊರತೆಗೆಯಲಾಯಿತು. ಜಗಳವು ನಟನೆಯೆಂದು ಅರಿಯದ ವಿದ್ಯಾರ್ಥಿಗಳಿಂದ ಹೇಳಿಕೆಗಳನ್ನು ಪಡೆದಾಗ, ಅವೆಲ್ಲದರಲ್ಲಿಯೂ ತಪ್ಪುಗಳು ಕಂಡುಬಂದವು. ಜರ್ಮನಿಯ ವಿಲಿಯಂ ಸ್ಟರ್ನ್ ಈ ಕ್ಷೇತ್ರದಲ್ಲಿ ಕ್ರಮಬದ್ಧ ಸಂಶೋಧನೆ ನಡೆಸಿದರು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಹ್ಯೂಗೋ ಮ್ಯೂನ್‌ಸ್ಟರ್‌ಬರ್ಗ್ ಅವರು ೧೯೦೮ರಲ್ಲಿ ಸಾಕ್ಷಿಕಟ್ಟೆಯ ಮನೋವಿಜ್ಞಾನವನ್ನು ಕುರಿತು ಪುಸ್ತಕ ಪ್ರಕಟಿಸಿ ವಿಷಯವನ್ನು ಜನಸಾಮಾನ್ಯರ ಬಳಿಗೆ ಒಯ್ದರು. ಗ್ರೋಸ್ ಅವರ ಗ್ರಂಥದ ಇಂಗ್ಲಿಷ್ ಅನುವಾದವು ಹೊರೇಸ್ ಕ್ಯಾಲನ್ ಅವರಿಂದ ೧೯೧೧ರಲ್ಲಿ ಬಾಸ್ಟನ್ ನಗರದಲ್ಲಿ ಪ್ರಕಟವಾಯಿತು.

ಪ್ರಾಧ್ಯಾಪಕ ವೃತ್ತಿ

ಐವತ್ತು ವರ್ಷ ತುಂಬಿದ ಮೇಲೆ ಗ್ರೋಸ್ ಅವರು ನ್ಯಾಯಾಲಯದಿಂದ ವಿಶ್ವವಿದ್ಯಾಲಯಕ್ಕೆ ಬಂದರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸಾಮ್ರಾಜ್ಯದ ಪೂರ್ವದಂಚಿನ ಚೆರ್ನೊವಿಟ್ಸ್ ವಿಶ್ವವಿದ್ಯಾಲಯದಲ್ಲಿ ದಂಡಶಾಸ್ತ್ರದ ಪ್ರಾಧ್ಯಾಪಕರಾದರು. ಈ ನಗರ ಈಗ ಉಕ್ರೇನ್ ದೇಶದಲ್ಲಿದೆ. ೧೯೦೨ರಲ್ಲಿ ಪ್ರಾಗ್‌ನ ಜರ್ಮನ್ ವಿಶ್ವವಿದ್ಯಾಲಯಕ್ಕೂ, ೧೯೦೫ರಲ್ಲಿ ತಮ್ಮ ಹುಟ್ಟೂರಾದ ಗ್ರಾಜ್‌ಗೂ ಅವರು ತೆರಳಿದರು. ೧೮೯೮ರಲ್ಲಿ ಅವರು ಆರಂಭಿಸಿದ ಅಪರಾಧಶಾಸ್ತ್ರದ ಸಂಶೋಧನಾ ಪತ್ರಿಕೆಯು ಮುಂದೆ ಹೆಸರು ಬದಲಿಸಿಕೊಂಡು ದೀರ್ಘಕಾಲ ಮುಂದುವರಿಯಿತು.

ಪ್ರಾಗ್‌ನಲ್ಲಿ ಅವರ ಬಳಿ ಕಲಿತವರಲ್ಲಿ ಇಬ್ಬರು ಬೇರೆ ಕ್ಷೇತ್ರಗಳಲ್ಲಿ ವಿಶ್ವವಿಖ್ಯಾತರಾದರು. ಒಬ್ಬರು ಮ್ಯಾಕ್ಸ್ ವರ್ಟೈಮರ್. ಮುಂದೆ ಗೆಸ್ಟಾಲ್ಟ್ ಮನೋವಿಜ್ಞಾನದ ಸ್ಥಾಪಕರಲ್ಲಿ ಒಬ್ಬರೆನಿಸಿದರು. ಕಾನೂನು ವಿದ್ಯಾರ್ಥಿಯಾಗಿ ಬಂದ ಅವರು ಗ್ರೋಸ್ ಅವರ ಪ್ರಭಾವಕ್ಕೆ ಒಳಗಾಗಿ, ಸಹಪಾಠಿ ಜೂಲಿಯಸ್ ಕ್ಲೈನ್ ಅವರೊಡನೆ ೧೯೦೪ರಲ್ಲಿ ಗ್ರೋಸ್ ಅವರ ಪತ್ರಿಕೆಯಲ್ಲಿಯೇ ಒಂದು ಪ್ರಬಂಧವನ್ನು ಪ್ರಕಟಿಸಿದರು. ವ್ಯಕ್ತಿಯೊಬ್ಬನಿಗೆ ಒಂದೊಂದಾಗಿ ಪದಗಳನ್ನು ಹೇಳಿ, ಪ್ರತಿ ಪದಕ್ಕೂ ಥಟ್ಟನೆ ಹೊಳೆಯುವ ಮತ್ತೊಂದು ಪದವನ್ನು ಹೇಳಿಸುವುದು ಅವರ ವಿಧಾನ. ಅಪರಾಧದ ವಿವರ ಬಲ್ಲವನು ಅದಕ್ಕೆ ಸಂಬಂಧಿಸಿದ ಪದ ಬಂದಾಗ ತಡವರಿಸುತ್ತಾನೆ, ಅಥವಾ ಇತರರು ಕೊಡದ ಉತ್ತರವನ್ನು ಕೊಡುತ್ತಾನೆ ಎಂಬುದು ಅದರ ತರ್ಕ. ಸ್ವಿಟ್ಜರ್ಲೆಂಡಿನ ಕಾರ್ಲ್ ಯೂಂಗ್ ಕೂಡ ಅದೇ ಕಾಲದಲ್ಲಿ ಇಂತಹ ಪದಸಾಹಚರ್ಯ ಪರೀಕ್ಷೆಗಳನ್ನು ನಡೆಸುತ್ತಿದ್ದರು.

ಇನ್ನೊಬ್ಬರು ಸಾಹಿತಿ ಫ್ರಾನ್ಜ್ ಕಾಫ್ಕಾ. ಪ್ರಾಗ್‌ನಲ್ಲಿ ಕಾನೂನು ಓದುತ್ತಿದ್ದಾಗ ಅವರು ಗ್ರೋಸ್ ಅವರ ಉಪನ್ಯಾಸಗಳನ್ನು ಕೇಳಿದ್ದರು. ಕಾರಣ ತಿಳಿಸದೆ ಬಂಧಿತನಾಗುವ ಮನುಷ್ಯನ ಕಥೆಯಾದ ಕಾಫ್ಕಾ ಅವರ ಕಾದಂಬರಿಯಲ್ಲಿ ತನಿಖಾ ನ್ಯಾಯಾಧೀಶನ ಪಾತ್ರವಿರುವುದರಿಂದ, ಈ ಗುರುಶಿಷ್ಯ ಸಂಬಂಧವು ಸಾಹಿತ್ಯ ವಿಮರ್ಶಕರ ಚರ್ಚೆಗೆ ವಿಷಯವಾಗಿದೆ.

ಗ್ರಾಜ್‌ನ ಸಂಸ್ಥೆ ಮತ್ತು ವಸ್ತುಸಂಗ್ರಹಾಲಯ

ಗ್ರೋಸ್ ಅವರು ೧೮೯೦ರ ದಶಕದಲ್ಲಿಯೇ ಗ್ರಾಜ್ ನ್ಯಾಯಾಲಯದಲ್ಲಿ, ಮುಗಿದುಹೋದ ಪ್ರಕರಣಗಳ ಆಯುಧ, ಖೋಟಾ ದಾಖಲೆ, ವಿಷ, ಕಳ್ಳರ ಸಲಕರಣೆ ಮುಂತಾದವುಗಳನ್ನು ಕೂಡಿಸಿಡಲು ಆರಂಭಿಸಿದ್ದರು. ಇದರ ಉದ್ದೇಶ ಬೋಧನೆ. ವೈದ್ಯವಿದ್ಯಾರ್ಥಿಗೆ ಅಂಗರಚನೆಯ ಮಾದರಿಗಳು ಬೇಕಾಗುವಂತೆ ತನಿಖೆಯ ವಿದ್ಯಾರ್ಥಿಗೂ ಕಣ್ಣಾರೆ ನೋಡಿ ಕಲಿಯುವ ಸಾಮಗ್ರಿ ಬೇಕೆಂಬುದು ಅವರ ಅಭಿಪ್ರಾಯ.

ಹಲವು ವರ್ಷಗಳ ಪ್ರಯತ್ನದ ಬಳಿಕ ೧೯೧೨ರಲ್ಲಿ ಗ್ರಾಜ್ ವಿಶ್ವವಿದ್ಯಾಲಯದಲ್ಲಿ ಅಪರಾಧ ತನಿಖಾಶಾಸ್ತ್ರ ಸಂಸ್ಥೆ ಸ್ಥಾಪಿತವಾಯಿತು. ಬೋಧನೆ, ಪ್ರಯೋಗಾಲಯ ಮತ್ತು ವಸ್ತುಸಂಗ್ರಹ ಒಂದೇ ಸೂರಿನಡಿ ಸೇರಿದವು. ಕಾನೂನು ವಿದ್ಯಾರ್ಥಿಯು ಗ್ರಂಥಾಲಯದಿಂದ ಎದ್ದು ಸೂಕ್ಷ್ಮದರ್ಶಕದ ಮುಂದೆ ಕುಳಿತುಕೊಳ್ಳುವಂತಾದದ್ದು ಆ ಕಾಲಕ್ಕೆ ಹೊಸ ಸಂಗತಿ. ಗ್ರೋಸ್ ಅವರ ನಂತರ ಅಡಾಲ್ಫ್ ಲೆಂಜ್ ಈ ಸಂಸ್ಥೆಯ ಹೊಣೆ ವಹಿಸಿಕೊಂಡರು. ವಸ್ತುಸಂಗ್ರಹಾಲಯವು ಇಂದಿಗೂ ಹಾನ್ಸ್ ಗ್ರೋಸ್ ಅವರ ಹೆಸರಿನಲ್ಲಿ ಗ್ರಾಜ್ ವಿಶ್ವವಿದ್ಯಾಲಯದಲ್ಲಿದೆ.

ಮಗ ಒಟ್ಟೊ ಗ್ರೋಸ್ ಮತ್ತು ೧೯೧೩ರ ಪ್ರಕರಣ

ಹಾನ್ಸ್ ಗ್ರೋಸ್ ಮತ್ತು ಅವರ ಪತ್ನಿ ಅಡೇಲ್ ಅವರ ಒಬ್ಬನೇ ಮಗ ಒಟ್ಟೊ ೧೮೭೭ರಲ್ಲಿ ಜನಿಸಿದರು. ವೈದ್ಯರಾಗಿ, ಮನೋರೋಗ ತಜ್ಞರಾಗಿ, ಸಿಗ್ಮಂಡ್ ಫ್ರಾಯ್ಡ್ ಅವರ ಮನೋವಿಶ್ಲೇಷಣೆಯ ಆರಂಭದ ಅನುಯಾಯಿಗಳಲ್ಲಿ ಒಬ್ಬರಾಗಿ ಒಟ್ಟೊ ಹೆಸರು ಮಾಡಿದರು. ಆದರೆ ಮಾದಕವಸ್ತುಗಳ ಚಟ ಅವರನ್ನು ಬಿಡಲಿಲ್ಲ. ೧೯೦೮ರಲ್ಲಿ ಜ್ಯೂರಿಕ್‌ನ ಬುರ್ಗ್‌ಹೋಲ್ಸ್‌ಲಿ ಮನೋರೋಗ ಚಿಕಿತ್ಸಾಲಯದಲ್ಲಿ ಯೂಂಗ್ ಅವರೇ ಒಟ್ಟೊ ಅವರಿಗೆ ಚಿಕಿತ್ಸೆ ನೀಡಿದರು. ಚಿಕಿತ್ಸೆ ಮುಗಿಯುವ ಮೊದಲೇ ಒಟ್ಟೊ ಅಲ್ಲಿಂದ ತಪ್ಪಿಸಿಕೊಂಡರು. ಕುಟುಂಬದಲ್ಲಿ ತಂದೆಯ ಅಧಿಕಾರವೇ ಸಮಾಜದ ಎಲ್ಲ ದಬ್ಬಾಳಿಕೆಗೂ ಮೂಲವೆಂಬುದು ಒಟ್ಟೊ ಅವರ ವಾದವಾಗಿತ್ತು. ರಾಜ್ಯದ ಕಾನೂನು ವ್ಯವಸ್ಥೆಯ ಪ್ರತಿನಿಧಿಯಾದ ತಂದೆಗೂ ಅರಾಜಕತಾವಾದಿಗಳ ಸಂಗದಲ್ಲಿದ್ದ ಮಗನಿಗೂ ನಡುವೆ ಅಂತರ ಬೆಳೆಯುತ್ತ ಹೋಯಿತು.

೧೯೧೩ರ ನವೆಂಬರ್ ತಿಂಗಳಿನಲ್ಲಿ ಬರ್ಲಿನ್ನಿನಲ್ಲಿ ಲೇಖಕ ಫ್ರಾನ್ಜ್ ಯುಂಗ್ ಅವರ ಮನೆಯಲ್ಲಿದ್ದ ಒಟ್ಟೊ ಅವರನ್ನು ಪ್ರಷ್ಯಾದ ಪೊಲೀಸರು ಬಂಧಿಸಿ ಆಸ್ಟ್ರಿಯಾದ ಗಡಿ ದಾಟಿಸಿದರು. ಅಲ್ಲಿಂದ ಅವರನ್ನು ಟುಲ್ನ್ ಊರಿನ ಮನೋರೋಗ ಚಿಕಿತ್ಸಾಲಯಕ್ಕೆ ಸೇರಿಸಲಾಯಿತು. ೧೯೧೪ರ ಆರಂಭದಲ್ಲಿ ನ್ಯಾಯಾಲಯವು ಒಟ್ಟೊ ಅವರನ್ನು ಮಾನಸಿಕ ಅಸ್ವಸ್ಥರೆಂದು ಪರಿಗಣಿಸಿ ತಂದೆಯನ್ನೇ ಪಾಲಕರನ್ನಾಗಿ ನೇಮಿಸಿತು. ಬರ್ಲಿನ್, ಮ್ಯೂನಿಕ್ ಮತ್ತು ವಿಯೆನ್ನಾದ ತರುಣ ಲೇಖಕರು ಇದನ್ನು ತೀವ್ರವಾಗಿ ಪ್ರತಿಭಟಿಸಿದರು. ಖ್ಯಾತ ಪ್ರಾಧ್ಯಾಪಕರೊಬ್ಬರು ತಮ್ಮ ಪ್ರಭಾವವನ್ನು ಬಳಸಿ ವಿಚಾರಭೇದವುಳ್ಳ ಮಗನನ್ನು ಬಂಧನದಲ್ಲಿಟ್ಟರೆಂಬುದು ಅವರ ಆರೋಪ. ಚಟದಿಂದ ಹಾಳಾಗುತ್ತಿದ್ದ ಒಬ್ಬನೇ ಮಗನನ್ನು ಉಳಿಸಿಕೊಳ್ಳಲು ತಂದೆಗೆ ಬೇರೆ ದಾರಿಯಿರಲಿಲ್ಲವೆಂದು ಹೇಳುವವರೂ ಇದ್ದಾರೆ. ಒಟ್ಟೊ ೧೯೧೪ರ ಬೇಸಿಗೆಯಲ್ಲಿ ಚಿಕಿತ್ಸಾಲಯದಿಂದ ಹೊರಬಂದರು. ತಂದೆಯ ಮರಣಾನಂತರ ನಾಲ್ಕು ವರ್ಷ ಬದುಕಿದ್ದು, ೧೯೨೦ರ ಫೆಬ್ರವರಿಯಲ್ಲಿ ಬರ್ಲಿನ್ನಿನಲ್ಲಿ ನಿಧನರಾದರು.

ವಿಮರ್ಶೆ

ಗ್ರೋಸ್ ಅವರ ಗ್ರಂಥಗಳಲ್ಲಿ ಇಂದಿನ ಓದುಗರು ಒಪ್ಪಲಾಗದ ಭಾಗಗಳಿವೆ. ಕೈಪಿಡಿಯಲ್ಲಿ ಅಲೆಮಾರಿಗಳಾದ ರೋಮಾ ಜನಾಂಗವನ್ನು ಕುರಿತ ಅಧ್ಯಾಯವು ಒಂದು ಸಮುದಾಯಕ್ಕೆ ಸಮುದಾಯವನ್ನೇ ಅಪರಾಧಿಗಳೆಂಬಂತೆ ಚಿತ್ರಿಸುತ್ತದೆ. ಅದೇ ಕಾಲದ ಬ್ರಿಟಿಷ್ ಭಾರತದಲ್ಲಿ ಹಲವು ಬುಡಕಟ್ಟುಗಳನ್ನು ಹುಟ್ಟು ಅಪರಾಧಿಗಳೆಂದು ಕಾಯಿದೆಯ ಮೂಲಕ ಪಟ್ಟಿಮಾಡಿದ ಧೋರಣೆಗೂ ಇದಕ್ಕೂ ಹೋಲಿಕೆಯಿದೆ. ಮನೋವಿಜ್ಞಾನದ ಗ್ರಂಥದಲ್ಲಿ ಸ್ತ್ರೀಯರ ಸಾಕ್ಷ್ಯವನ್ನು ಕುರಿತು ಬರೆದಿರುವುದರಲ್ಲಿ ಆ ಕಾಲದ ಪೂರ್ವಗ್ರಹಗಳೇ ತುಂಬಿವೆ. ೧೯೦೫ರ ಲೇಖನವೊಂದರಲ್ಲಿ, ಅವನತಿ ಹೊಂದಿದವರೆಂದು ತಾವು ಭಾವಿಸಿದ ಜನರನ್ನು ದೇಶದಿಂದ ದೂರದ ನೆಲೆಗಳಿಗೆ ಸಾಗಿಸಬೇಕೆಂಬ ವಿಚಾರವನ್ನು ಅವರು ಮಂಡಿಸಿದರು.

ನ್ಯಾಯಾಧೀಶನು ತನ್ನ ಪೂರ್ವಗ್ರಹಗಳನ್ನು ಮೊದಲು ಅರಿಯಬೇಕೆಂದು ಬೋಧಿಸಿದವರ ಬರಹದಲ್ಲಿಯೇ ಇವು ಉಳಿದಿರುವುದನ್ನು ವಿದ್ವಾಂಸರು ಎತ್ತಿ ತೋರಿಸಿದ್ದಾರೆ. ಅವರು ಹಾಕಿಕೊಟ್ಟ ಪದ್ಧತಿಯಾದರೋ ಅವರ ಸ್ವಂತ ಅಭಿಪ್ರಾಯಗಳನ್ನೂ ಪರೀಕ್ಷೆಗೆ ಒಡ್ಡುವಷ್ಟು ಬಲವಾಗಿತ್ತು. ನಂತರ ಬಂದ ಸಂಶೋಧಕರು ಆ ಅಭಿಪ್ರಾಯಗಳನ್ನು ಕೈಬಿಟ್ಟು ಪದ್ಧತಿಯನ್ನು ಉಳಿಸಿಕೊಂಡರು.

ಭಾರತದೊಡನೆ ಸಂಬಂಧ

ಗ್ರೋಸ್ ಅವರ ಕೈಪಿಡಿ ಇಂಗ್ಲಿಷ್ ಭಾಷೆಗೆ ಬಂದದ್ದು ಭಾರತದ ಮೂಲಕ. ಮದರಾಸಿನಲ್ಲಿ ವಕೀಲರಾಗಿದ್ದ ಜಾನ್ ಆಡಮ್ ಮತ್ತು ಜೆ. ಕಾಲಿಯರ್ ಆಡಮ್ ಅವರು ಅದನ್ನು ಭಾರತದ ಮತ್ತು ವಸಾಹತುಗಳ ಪದ್ಧತಿಗೆ ಹೊಂದಿಸಿ ಅನುವಾದಿಸಿದರು. ೧೯೦೬ರಲ್ಲಿ ಮದರಾಸಿನಲ್ಲಿಯೇ ಅದು ಪ್ರಕಟವಾಯಿತು. ಅಂದಿನ ದಕ್ಷಿಣ ಕನ್ನಡ ಮತ್ತು ಬಳ್ಳಾರಿ ಜಿಲ್ಲೆಗಳು ಮದರಾಸು ಪ್ರಾಂತ್ಯಕ್ಕೆ ಸೇರಿದ್ದವು. ಆಸ್ಟ್ರಿಯಾದಲ್ಲಿ ತನಿಖಾ ನ್ಯಾಯಾಧೀಶರಿಗೆಂದು ಬರೆದ ಸೂಚನೆಗಳು ಇಲ್ಲಿ ಮ್ಯಾಜಿಸ್ಟ್ರೇಟರು, ಪೊಲೀಸ್ ಅಧಿಕಾರಿಗಳು ಮತ್ತು ವಕೀಲರ ಬಳಕೆಗೆ ರೂಪಾಂತರಗೊಂಡವು. ಇಂಗ್ಲಿಷ್ ಬಲ್ಲ ಇತರ ದೇಶಗಳಲ್ಲಿಯೂ ಈ ಅನುವಾದವು ಪ್ರಸಾರ ಪಡೆದು ಹಲವು ಆವೃತ್ತಿಗಳನ್ನು ಕಂಡಿತು. ಅದಕ್ಕೂ ಮುನ್ನ, ೧೮೯೭ರಲ್ಲಿ, ಕಲ್ಕತ್ತೆಯಲ್ಲಿ ಬೆರಳಚ್ಚು ವಿಭಾಗ ಆರಂಭವಾಗಿತ್ತು ಎಂಬುದನ್ನೂ ಇಲ್ಲಿ ನೆನೆಯಬಹುದು.

ನಿಧನ ಮತ್ತು ಪ್ರಭಾವ

ಹಾನ್ಸ್ ಗ್ರೋಸ್ ಅವರು ಮೊದಲನೆಯ ಮಹಾಯುದ್ಧದ ನಡುವೆ, ೧೯೧೫ರ ಡಿಸೆಂಬರ್ ೯ರಂದು, ಅರವತ್ತೆಂಟು ತುಂಬಲು ಕೆಲವೇ ದಿನಗಳಿರುವಾಗ ಗ್ರಾಜ್‌ನಲ್ಲಿ ನಿಧನರಾದರು.

ಮನೋವಿಜ್ಞಾನ ಮತ್ತು ವಿಧಿವಿಜ್ಞಾನಗಳನ್ನು ಇಂದು ಅನೇಕ ದೇಶಗಳ ವಿಶ್ವವಿದ್ಯಾಲಯಗಳಲ್ಲಿ ಒಟ್ಟಾಗಿ ಕಲಿಯಲು ಅವಕಾಶವಿದೆ. ಕರ್ನಾಟಕದಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವು ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನದ ವಿಭಾಗವನ್ನು ಹೊಂದಿದೆ. ಘಟನಾ ಸ್ಥಳವನ್ನು ಕದಡದೆ ಕಾಯುವುದು, ವಸ್ತುಸಾಕ್ಷ್ಯವನ್ನು ಕ್ರಮವಾಗಿ ಸಂಗ್ರಹಿಸಿ ದಾಖಲಿಸುವುದು, ಉತ್ತರವನ್ನು ಸೂಚಿಸುವಂತಹ ಪ್ರಶ್ನೆಗಳನ್ನು ಸಾಕ್ಷಿದಾರರಿಗೆ ಕೇಳದಿರುವುದು ಇಂದು ವಿದ್ಯಾರ್ಥಿಗಳು ಮೊದಲ ವರ್ಷದಲ್ಲಿಯೇ ಕಲಿಯುವ ಪಾಠಗಳು. ಅವುಗಳಲ್ಲಿ ಬಹುಪಾಲು ೧೮೯೩ರ ಕೈಪಿಡಿಯಲ್ಲಿ ಆಗಲೇ ಬರೆಯಲ್ಪಟ್ಟಿದ್ದವು.